ಮೊದಲು ಒಳಹೋಗುವ ಪಿನ್ನು

ಮೇ ಕೊನೆಗೆ ಕ್ಯಾಂಡೋಲಿಮ್ ದಂಡೆಯಲ್ಲಿ
ಮಳೆಗೆ ಮುಂಚೆ ಶ್ಯಾಕುಗಳನ್ನು ಬಿಚ್ಚುತ್ತಾರೆ.
ಬಿದಿರು ಒಬ್ಬರಿಗೆ, ಕುರ್ಚಿ ಇನ್ನೊಬ್ಬರಿಗೆ,
ಕರೆಂಟಿನ ಕಾವಲಿ ಕಸ್ತೂರೆವ್ವನಿಗೆ:
ಎರಡು ಸಾವಿರ ವ್ಯಾಟು, ಒಂಬೈನೂರು ರೂಪಾಯಿ,
ಬಂಗಡೆಯ ಜಿಡ್ಡು ಪುಕ್ಕಟೆ.
ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೀಟು ತೆಗೆದು
ಝುವಾರಿನಗರದ ಗುಡ್ಡಕ್ಕೆ ತಲೆಮೇಲೆ ಹೊತ್ತು ತಂದಳು.

ಗ್ಯಾಸು ಸಿಗುವುದಿಲ್ಲ ಅವಳಿಗೆ,
ಆಧಾರಿನಲ್ಲಿ ಇನ್ನೂ ಇಂಡಿ ತಾಲೂಕಿನ ವಿಳಾಸ.
ಬ್ಲ್ಯಾಕಿನ ಸಿಲಿಂಡರು
ರೊಟ್ಟಿಯ ಲಾಭವನ್ನು ರೊಟ್ಟಿಗಿಂತ ಮೊದಲು ತಿನ್ನುತ್ತದೆ.

"ಮೈಬೂಬಣ್ಣಾ, ಪಿನ್ನು ಗ್ವಾಡ್ಯಾಗ ಹೋಗವಲ್ದು,
ಸಣ್ಣದ ಹಚ್ಚಿಕೊಡು."

ಗೋಡೆಯಲ್ಲಿ ಆರು ಆಂಪಿಯರಿನ ಸಾಕೆಟ್ಟು.
ಅದರೆದುರು ಈ ಹದಿನಾರರ ಪ್ಲಗ್ಗು,
ಗುಡಿಸಲ ಬಾಗಿಲಿಗೆ ಬಂದು ನಿಂತ ಎಮ್ಮೆ.
ಆ ತೂತು ಸಣ್ಣದಾದದ್ದು ಯಾರೋ ಮರೆತಲ್ಲ, ಬೇಕೆಂದೇ.

ಹಿಂದಿನ ವೈರು ಹಿಡಿದು ಹೋದೆ.
ಬಟ್ಟೆ ಒಣಹಾಕುವ ದಾರದಷ್ಟು ತೆಳು,
ಶಾರವ್ವನ ಫ್ಯಾನು ದಾಟಿ, ಬಿಹಾರಿ ಹುಡುಗರ ಟೀವಿ ದಾಟಿ,
ಕಾಯ್ತಾನ್ ಬಾಬನ ಮೀಟರಿನವರೆಗೆ
ನಾಲ್ಕು ಖೋಲಿಗೂ ಅದೊಂದೇ.
ಬೀಡಿ ಕಟ್ಟಿನ ಕಾಗದದ ಮೇಲೆ ಲೆಕ್ಕ ಬರೆದೆ:
ಎರಡು ಸಾವಿರಕ್ಕೆ ಇನ್ನೂರ ಮೂವತ್ತರ ಭಾಗ,
ಒಂಬತ್ತಕ್ಕೆ ಒಂಚೂರು ಕಮ್ಮಿ.
ಆರು ಸೇರಿನ ಚೀಲಕ್ಕೆ ಒಂಬತ್ತು ಸೇರು ಜೋಳ.

"ಹಂಗಾದ್ರ ಆ ದಪ್ಪ ಕಾಲು ಕತ್ತರಿಸಿ ಒಗಿ,
ಸುಮ್ಮನ ಐತಿ ಅದು.
ಎಲ್ಲಾರೂ ಬೆಂಕಿಕಡ್ಡಿ ತುರುಕಿ ವೈರು ಹಚ್ಕೋತಾರ."

ಸುಮ್ಮನೆ ಇಲ್ಲ ಯವ್ವಾ.
ನೋಡು, ಉಳಿದೆರಡಕ್ಕಿಂತ ಉದ್ದ.
ಹೋಗುವಾಗ ಮೊದಲು ಒಳಗೆ ಹೋಗುತ್ತದೆ,
ಬರುವಾಗ ಕೊನೆಗೆ ಹೊರಗೆ ಬರುತ್ತದೆ,
ಮದುವೆಮನೆಯ ಸೋದರಮಾವ.
ಕಾವಲಿಯ ಮೈಗೆ ಕರೆಂಟು ಸೋರಿದ ದಿನ
ಹಿಟ್ಟು ಮೆತ್ತಿದ ನಿನ್ನ ಹಸಿಗೈಗೆ ಬಿಡದೆ
ಅದನ್ನು ಮಣ್ಣಿಗೆ ಕರೆದೊಯ್ಯುವುದು ಇದೇ ಕಾಲು.

ನಾನೇನು ಹುಟ್ಟುತ್ತ ಕಲಿತವನಲ್ಲ.
ಬೈನಾದಲ್ಲಿ ತಂಗಿ ದಾವಲಬಿಯ ಇಸ್ತ್ರಿ ಅಂಗಡಿ,
ದಿನಕ್ಕೆರಡು ಸಲ ಫ್ಯೂಜು ಹೋಗುತ್ತದೆಂದು
ದಪ್ಪ ತಂತಿ ಸುತ್ತಿಕೊಟ್ಟು ಬಂದೆ, ಜಾಣನ ಹಾಗೆ.
ಫ್ಯೂಜು ಉಳಿಯಿತು.
ಗೋಡೆ ಹೋಯಿತು, ಹನ್ನೊಂದು ಪ್ಯಾಂಟು ಹೋದವು,
ಯಾರದೋ ನಿಕಾಹದ ಶೇರವಾನಿ ಹೋಯಿತು.
ಸಾಯಲೆಂದೇ ಇಟ್ಟದ್ದನ್ನು ಸಾಯಲು ಬಿಡಬೇಕೆಂದು
ಆ ಶೇರವಾನಿಯ ಕಂತು ಕಟ್ಟುತ್ತ ಕಲಿತೆ.

ಬೇಕಾದದ್ದು ಹೇಳಿದೆ. ಮೀಟರಿನಿಂದ ಬೇರೆಯೇ ಲೈನು,
ನಾಲ್ಕರ ತಾಮ್ರದ ವೈರು, ಹದಿನಾರರ ಸಾಕೆಟ್ಟು,
ಅದಕ್ಕೇ ಒಂದು ಎಂಸಿಬಿ, ನೆಲದೊಳಗೆ ಇಳಿದ ಅರ್ತು.
ಕಸ್ತೂರೆವ್ವ ಬೆರಳು ಮಡಚಿ ಎಣಿಸಿದಳು,
ರೂಪಾಯಿಯಲ್ಲಲ್ಲ.
"ಎಂಟುನೂರು ರೊಟ್ಟಿ," ಅಂದಳು.
ಕಾವಲಿಗೆ ಗೋಣಿ ಸುತ್ತಿ ಮಂಚದ ಕೆಳಗೆ ತಳ್ಳಿದಳು.
ಜೂನ್ ಪೂರ್ತಿ ನನಗೆ ಚಹಾ ಕೇಳಲಿಲ್ಲ.

ಶ್ರಾವಣದಲ್ಲಿ ದಾಬೋಲಿಮಿನ ಫ್ಲ್ಯಾಟೊಂದರ ಕೆಲಸ ಮುಗಿದು
ಹದಿನೆಂಟು ಮೀಟರು ವೈರು ಉಳಿಯಿತು,
ಮಾಲಕಿ ಒಯ್ಯಿ ಅಂದಳು.
ಕಾಯ್ತಾನ್ ಬಾಬ ಮೊದಲು "ನಾಕಾ" ಅಂದ.
ದಾವಲಬಿಯ ಗೋಡೆಯಿಂದ ಕಿತ್ತಿಟ್ಟಿದ್ದ
ಕರಕಲು ಸಾಕೆಟ್ಟನ್ನು ಅವನ ಅಂಗೈಮೇಲಿಟ್ಟೆ.
ಮೂಸಿ ನೋಡಿದ, ತನ್ನ ಹಂಚಿನ ಮಾಡು ನೋಡಿದ,
"ಜಾಯ್ತ್" ಅಂದ.

ಪ್ಲಗ್ಗು ಕೂತಿತು. ಉದ್ದನೆಯದು ಮೊದಲು.
ರೊಟ್ಟಿ ಉಬ್ಬಿತು, ಅಂಚಿಗೆ ಬಂಗಡೆಯ ವಾಸನೆ ಇನ್ನೂ.
ನಾನು ಹೊರಗೆ ಮಳೆಯಲ್ಲಿ ನಿಂತು
ಶಾರವ್ವನ ಬಲ್ಬನ್ನೇ ನೋಡುತ್ತಿದ್ದೆ.
ಮಿಟುಕಲಿಲ್ಲ. ಮಂಕಾಗಲಿಲ್ಲ.
ನನ್ನ ಕೆಲಸ ಸರಿಯಾದರೆ ಇಷ್ಟೇ,
ಏನೂ ಆಗುವುದಿಲ್ಲ.

ಒಳಗಿಂದ ಕೂಗು:
"ಮೈಬೂಬಣ್ಣಾ, ಚಹಾ ಆರತೈತಿ ಬಾ.
ಮತ್ತ ಇದರಾಗ ಮಿಕ್ಸರೂ ಹಚ್ಚಲೇನು?"