ಕಾರಣ: ನಿದ್ದೆ

ರಜಾ ವಿಭಾಗದ ಮೇಜು ನನ್ನದು, ಹತ್ತೊಂಬತ್ತು ವರ್ಷದಿಂದ.
ಶಿವಮೊಗ್ಗ ಡಿಪೋದ ಅಜ್ಜಿಯರೆಲ್ಲ
ಈ ರಿಜಿಸ್ಟರಿನಲ್ಲೇ ಸತ್ತಿದ್ದಾರೆ,
ಕೆಲವರು ಮೂರು ಮೂರು ಸಲ.
ನಾನು ಎಣಿಸಿ ಕೇಳಿದವಳಲ್ಲ.

ಸೋಮವಾರ ಬಂತು ಹುಚ್ರಾಯಪ್ಪನ ಅರ್ಜಿ.
ಚಾಲಕ. ಹುಲಿಕಲ್ ಘಾಟಿಯ ರಾತ್ರಿ ಬಸ್ಸು, ಇಪ್ಪತ್ತಾರು ವರ್ಷ.
ಕೇಳಿದ್ದು ಗಳಿಕೆ ರಜೆ, ತೊಂಬತ್ತು ದಿನ.
ಕಾರಣ ಎಂಬಲ್ಲಿ, ಎರಡು ಬೆರಳಗಲದ ಜಾಗದಲ್ಲಿ,
ಬಸ್ಸಿನ ಬೋರ್ಡಿನಂಥ ದಪ್ಪಕ್ಷರದಲ್ಲಿ
'ನಿದ್ದೆ'.

"ಹೀಗೆ ಬರೆದರೆ ಸಾಹೇಬರು ಒಪ್ಪಲ್ಲ, ಹುಚ್ರಾಯಪ್ಪ.
ಅವ್ವನಿಗೆ ಹುಷಾರಿಲ್ಲ ಅಂತ ಬರೀರಿ."
ಖಾಕಿ ಅಂಗಿಯ ಗುಂಡಿ ತಿರುವುತ್ತ ನಿಂತ.
"ಅವ್ವ ಹೋಗಿ ಹನ್ನೊಂದು ವರ್ಷ ಆತು ಮೇಡಂ.
ತಣ್ಣಗೆ ಮಲಗಿದಾಳೆ. ನನ್ನ ನಿದ್ದೆಗೋಸ್ಕರ
ಅವಳನ್ನ ಎಬ್ಬಿಸಿ ಕಾಯಿಲೆ ಬೀಳಿಸ್ಲಾ?"

ನಿಯಮದ ಪುಸ್ತಕ ತೆಗೆದೆ, ಬೆನ್ನು ಕಿತ್ತ ಪುಸ್ತಕ.
ರಜೆಯನ್ನು ಹಕ್ಕೆಂದು ಕೇಳತಕ್ಕದ್ದಲ್ಲ.
ಆ ಸಾಲಿನ ಕೆಳಗೆ ಯಾರೋ, ನನಗೂ ಮುಂಚಿನವರು,
ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ,
ಕಾಗದ ಹರಿಯುವಷ್ಟು ಒತ್ತಿ.
ಒಪ್ಪಿ ಎಳೆದದ್ದೋ ಸಿಟ್ಟಿನಲ್ಲೋ ತಿಳಿಯದು.
ಗಳಿಕೆ ಅಂತ ಹೆಸರಿಟ್ಟ ಮೇಲೆ
ಗಳಿಸಿದವನದಲ್ಲ ಅಂದರೆ ಯಾರದ್ದು?

ಟಿಪ್ಪಣಿ ಬರೆದೆ. ಮೂರು ಸಲ ಹರಿದೆ.
ಕೊನೆಗೆ ಉಳಿದದ್ದು ಇಷ್ಟು:
"ಘಾಟಿ ಇಳಿಯುವಾಗ ಬಸ್ಸಿನಲ್ಲಿ ಐವತ್ತು ಜನ ನಿದ್ದೆ ಮಾಡುತ್ತಾರೆ.
ಒಬ್ಬ ಮಾಡುವಂತಿಲ್ಲ. ಆದೇಶಕ್ಕಾಗಿ ಸಲ್ಲಿಸಿದೆ."
ಸಾಹೇಬರು ಓದಿ ಕನ್ನಡಕ ತೆಗೆದರು, ಮತ್ತೆ ಹಾಕಿದರು.
ಹಸಿರು ಶಾಯಿಯಲ್ಲಿ: ಇಪ್ಪತ್ತೊಂದು ದಿನ ಮಾತ್ರ.
'ಮಾತ್ರ'ದ ಕೆಳಗೆ ಎರಡು ಗೆರೆ.

ನಾಲ್ಕನೆಯ ದಿನ ಅವನ ಹೆಂಡತಿ ಕರಿಬಸಮ್ಮ ಫೋನು ಮಾಡಿದಳು,
ಸಂಬಳ ಮುರಿಯಲ್ಲ ತಾನೇ ಎಂದು ಕೇಳಲು.
ಇಲ್ಲ ಎಂದೆ. ಮಲಗ್ತಾರಾ ಎಂದೆ.
"ಮಲಗ್ತಾರೆ. ಬಲಗಾಲು ಮಾತ್ರ ಮಲಗಲ್ಲ ಮೇಡಂ.
ನಡುರಾತ್ರೀಲಿ ಹಾಸಿಗೆ ಒತ್ತುತ್ತೆ,
ತಿರುವು ಬಂದಂಗೆ."

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ
ನನ್ನ ಹೆಸರಿನ ಪುಟ ತೆರೆದೆ.
ಮುನ್ನೂರಕ್ಕೆ ನಿಂತಿದೆ ಲೆಕ್ಕ.
ಅದರಾಚೆ ಗಳಿಸಿದ್ದೆಲ್ಲ, ನಿಯಮದ ಪ್ರಕಾರ,
ಇಲ್ಲೇ ಎಲ್ಲೋ ಫ್ಯಾನಿನ ಗಾಳಿಗೆ ಕರಗಿದೆ.
ಕಾರಣದ ಕಾಲಮ್ಮು ಪೂರ್ತಿ ಖಾಲಿ.
ನನ್ನ ಅಜ್ಜಿ ಸತ್ತದ್ದು ಒಂದೇ ಸಲ,
ಅದೂ ಭಾನುವಾರ.