ಇನ್ನೂರ ಏಳನೆಯ ಕೋಣೆ

ಪಡುಬಿದ್ರಿಯ ರೆಸಾರ್ಟಿನಲ್ಲಿ
ಕೋಣೆಗೊಂದು ವೇಷ: ಕಾಡು, ಅರಮನೆ, ಚಂದ್ರಲೋಕ.
ಇನ್ನೂರ ಏಳು ಕಡಲ್ಗಳ್ಳರದು.
ಮಂಚದ ಬದಲು ದೋಣಿ ಬೇಕೆಂದು
ಮಲ್ಪೆಯಿಂದ ದೂಮಪ್ಪಾಚಾರಿಯನ್ನು ಕರೆಸಿದರು.

ಹಲಗೆಗಳ ಸಂದಿಗೆ ಹತ್ತಿ ತುರುಕಿ
ಕೊಡತಿಯಿಂದ ಬಡಿದು ಬಡಿದು
ಮೀನೆಣ್ಣೆ ಸವರುತ್ತ ಕೂತವನನ್ನು ಕಂಡು
ಇಂಜಿನಿಯರು ಮೂಗು ಮುಚ್ಚಿಯೇ ನಕ್ಕ:
‘ಎಂತ ಆಚಾರ್ರೇ, ಇದನ್ನು ನೀರಿಗೆ ಇಳಿಸ್ಲಿಕ್ಕುಂಟಾ?’

ಆಚಾರಿ ತಲೆ ಎತ್ತಲಿಲ್ಲ.
‘ಮಕ್ಕಳು ಮಲಗುವುದಲ್ವಾ?
ನೀರು ಬರ್ತದೆ.’

ಗೋಡೆಗೆ ಕಡಲು ಬಳಿಯುತ್ತಿದ್ದ ನಾನು
ನಗು ತಡೆಯಲಾರದೆ ಒಂದು ಅಲೆ ಕೆಡಿಸಿದೆ.

ಸಂಜೆ ಹೊರಡುವ ಮುಂಚೆ ಅವನು
ಟಿವಿಯತ್ತ ಇದ್ದ ದೋಣಿಯ ಮೂತಿಯನ್ನು
ಒಬ್ಬನೇ ನೂಕಿ ನೂಕಿ
ಪಡುವಣಕ್ಕೆ ತಿರುಗಿಸಿಟ್ಟ.

ಮರುದಿನವೇ ರೂಮ್ ಬಾಯ್ ಸರಿಮಾಡಿದನಂತೆ.
ಕೆಟ್ಟ ಅಲೆ ಮಾತ್ರ ಇದೆ ಇನ್ನೂ,
ಏಸಿಯ ಕೆಳಗೆ,
ಒಂಚೂರು ಓರೆಯಾಗಿ.