ಹಿಂಬಾಗಿಲ ಪೆಟ್ಟಿಗೆ

ಭಾನುವಾರ. ನಿನ್ನೆ ಶಬ್ಬತ್,
ಹಾಗಾಗಿ ಕುರ್ಚಿ ಎಳೆಯುವ ಸದ್ದೆಲ್ಲ
ಇವತ್ತಿಗೇ ಉಳಿದಿತ್ತು.
ಲೀಡ್ಸಿನ ಉತ್ತರಕ್ಕೆ, ಬಸ್ಸು ತಿರುಗಿ ಹೊರಡುವಲ್ಲಿ
ನಮ್ಮ ಸಮುದಾಯದ ಭವನ.
ನೂರಿಪ್ಪತ್ತು ಕುರ್ಚಿ, ಅದರಲ್ಲೆರಡು ಕುಂಟು.
ಕುಂಟು ಕುರ್ಚಿ ಹಿಂದಿನ ಸಾಲಿಗೆ:
ಹದಿನಾರು ವರ್ಷದ ಹಬ್ಬಗಳು ನನಗೆ ಕಲಿಸಿದ್ದು ಇಷ್ಟೇ,
ಹಿಂದೆ ಕೂರುವವರು ಹೇಗೂ ಬೇಗ ಏಳುತ್ತಾರೆ.

ಬಾಗಿಲಲ್ಲಿ ಕಾವಲಿನ ಹುಡುಗ
ಒಂದೊಂದೇ ಚೀಲ ತೆರೆಸಿ ನೋಡುತ್ತಾನೆ.
ಪುಸ್ತಕದ ಹಬ್ಬಕ್ಕೂ ಕಾವಲು ಬೇಕಾ, ಅಂತ ಕೇಳಿದಳು
ಮೊದಲ ಸಲ ಬಂದ, ಪಕ್ಕದ ಶಾಲೆಯ ಟೀಚರು.
ಬೇಕು, ಅಂದೆ.
ಚಹಾ ಆ ಕಡೆ ಇದೆ, ಅಂದೆ.

ಹತ್ತಕ್ಕೆ ಅಡುಗೆ ಪುಸ್ತಕ, ಜೊತೆಗೆ ಬದನೆಕಾಯಿ ರುಚಿ.
ಹನ್ನೊಂದಕ್ಕೆ ಮೊರಾಕ್ಕೊದ ಮದುವೆಗಳ ಬಗ್ಗೆ ಒಬ್ಬಾಕೆ,
ಸ್ಲೈಡು ತಲೆಕೆಳಗಾಗಿ ಬಂದರೂ ನಿಲ್ಲಿಸಲಿಲ್ಲ.
ಹನ್ನೆರಡಕ್ಕೆ ಚರ್ಚೆ:
ದೇವರಿಲ್ಲದಿದ್ದರೆ ನಾವು ಜಗಳವಾಡುವುದು ಯಾರ ಹತ್ತಿರ?
ಫ್ರೀಡ್‌ಗುಟ್ ಡಾಕ್ಟರು ಎದ್ದು ಮೈಕು ಹಿಡಿದು
"ಇದು ಪ್ರಶ್ನೆಯಲ್ಲ" ಎಂದು ಶುರು ಮಾಡಿದರು.
ಒಂಬತ್ತು ನಿಮಿಷ.
ಪ್ರಶ್ನೆಯಾಗಿರಲಿಲ್ಲ, ಅದು ನಿಜ.

ಹಿಂಬಾಗಿಲ ಪಕ್ಕ, ಕಿತ್ತಳೆ ಬಂದಿದ್ದ ರಟ್ಟಿನ ಪೆಟ್ಟಿಗೆ.
ಬೆನ್ನು ಮುರಿದ ಪ್ರಾರ್ಥನೆ ಪುಸ್ತಕ,
ವೈನು ಚೆಲ್ಲಿ ಚೆಲ್ಲಿ ನಕಾಶೆಯಾದ ಪಾಸ್‌ಓವರ್ ಹೊತ್ತಗೆ,
ಇಲಿ ಓದಿ ಮುಗಿಸಿದ ಕೀರ್ತನೆಗಳು.
ದೇವರ ಹೆಸರಿರುವ ಕಾಗದ ನಾವು ಎಸೆಯುವುದಿಲ್ಲ,
ಸುಡುವುದಿಲ್ಲ.
ಪೆಟ್ಟಿಗೆ ತುಂಬಿದ ಮೇಲೆ ಸ್ಮಶಾನಕ್ಕೆ ಒಯ್ದು
ಮಣ್ಣು ಮಾಡುತ್ತೇವೆ.
ಎರಡು ಸಲ ಗುದ್ದಲಿ ಹಿಡಿದಿದ್ದೇನೆ ನಾನು.
ಗಾತ್ರಕ್ಕೆ ಹೋಲಿಸಿದರೆ
ಪುಸ್ತಕ ಮನುಷ್ಯನಿಗಿಂತ ಭಾರ.

ಪೆಸ್ಯಾ ಗ್ರಾನತ್, ಎಂಬತ್ತೇಳು,
ಚರ್ಚೆಯಿಂದ ತಪ್ಪಿಸಿಕೊಂಡು ಬಂದವಳು
ಬಗ್ಗಿ ಪೆಟ್ಟಿಗೆಯಿಂದ ಒಂದನ್ನು ತೆಗೆದಳು. ಕೈ ಜಾರಿತು.
ಎತ್ತಿ, ಸೆರಗಿಲ್ಲದ ಕೋಟಿನ ತುದಿಯಲ್ಲಿ ಒರೆಸಿ
ತುಟಿಗೆ ಮುಟ್ಟಿಸಿಕೊಂಡಳು,
ಒಳಗೇನಿದೆ ಎಂದು ಇನ್ನೂ ನೋಡಿರಲಿಲ್ಲ.
ಕೈಬರಹ. ಯಿಡ್ಡಿಷ್.
"ಕೇಳಿದರೆ ಬರುತ್ತೆ, ನೋಡಿದರೆ ಬರಲ್ಲ" ಅಂದಳು.
"ಅಮ್ಮ ಬೈಯುತ್ತಿದ್ದದ್ದು ಇದರಲ್ಲಿ,
ಕ್ಷಮಿಸುತ್ತಿದ್ದದ್ದು ಇಂಗ್ಲಿಷಿನಲ್ಲಿ."

ಹಳೆ ಪುಸ್ತಕದ ಮೇಜಿಗೆ ನಿಂತಿದ್ದ ಗಿಡಿಯನ್ ಬಂದ,
ರಾತ್ರಿ ಪಾಠದಲ್ಲಿ ಭಾಷೆ ಕಲಿತ ಹುಡುಗ.
ಬಲದಿಂದ ಎಡಕ್ಕೆ ಬೆರಳಿಟ್ಟು ಓದಿದ.
ಅವಳು ತಿದ್ದಿದಳು. ಮತ್ತೆ ಓದಿದ. ಮತ್ತೆ ತಿದ್ದಿದಳು.
ಅವನಿಗೆ ಕಣ್ಣು, ಅವಳಿಗೆ ಕಿವಿ,
ಇಬ್ಬರನ್ನೂ ಕೂಡಿಸಿದರೆ ಮುಕ್ಕಾಲು ಭಾಷೆ.

ಪುಟದ ನೆತ್ತಿಯಲ್ಲಿ ದೇವರ ಎರಡಕ್ಷರ.
ಕೆಳಗೆ:
ಕಪ್ಪು ಗುಂಡಿ, ಹದಿನೆಂಟು ಡಜನ್.
ಅಸ್ತರಿನ ಬಟ್ಟೆ, ಆರು ಗಜ.
ಕಲ್ಲಿದ್ದಲು, ಸಾಲ.
ವಿಧವೆ ಜ್ಲಾಟಾ, ಮಗುವಿನ ಕೋಟು, ಬಾಕಿ ಮೂರು ಶಿಲ್ಲಿಂಗ್.
ಮರುಪುಟ: ಜ್ಲಾಟಾ, ಮೂರು ಶಿಲ್ಲಿಂಗ್.
ಅದರ ಮರುಪುಟ: ಜ್ಲಾಟಾ. ಮೂರು.
ಹೀಗೇ ಹದಿನಾಲ್ಕು ಪುಟ.

"ತೀರಿಸಿದಳಾ?" ಕೇಳಿದ್ದು ಪೆಸ್ಯಾ ಅಲ್ಲ, ಫ್ರೀಡ್‌ಗುಟ್ ಡಾಕ್ಟರು.
ಯಾವಾಗ ಬಂದರೋ, ಕುಂಟು ಕುರ್ಚಿಯಲ್ಲಿ ಕೂತಿದ್ದರು.
ಅವರ ಬಾಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು.
"ಇಲ್ಲ" ಅಂದ ಗಿಡಿಯನ್.
"ದರ್ಜಿ ಗೆರೆ ಹೊಡೆದಿದ್ದಾನೆ.
ಪಕ್ಕದಲ್ಲಿ ಸಣ್ಣಕ್ಷರ,
'ಬಹಳ ಚಳಿ' ಅಂತ."

ನಿಮ್ಮ ಮನೆಯವರ ಲೆಕ್ಕವಾ, ಅಂತ ಟೀಚರು ಕೇಳಿದಳು,
ಅವಳ ಕೈಯಲ್ಲಿ ಚಹಾ ಆರಿತ್ತು.
"ಅಲ್ಲಮ್ಮಾ" ಅಂದಳು ಪೆಸ್ಯಾ,
"ನಮ್ಮಪ್ಪ ಟೋಪಿ ಮಾರುತ್ತಿದ್ದ.
ಒಂದು ಬಿಡಿಗಾಸೂ ಬಿಟ್ಟವನಲ್ಲ."
ಆದರೂ ಪುಸ್ತಕ ಅವಳ ಕೈಚೀಲದೊಳಗೆ ಹೋಯಿತು,
ಕನ್ನಡಕದ ಡಬ್ಬಿ, ಬಸ್ ಪಾಸುಗಳ ನಡುವೆ.
ಹೊರಗೆ ಹೋಗುವವರ ಚೀಲ
ಕಾವಲಿನ ಹುಡುಗ ನೋಡುವುದಿಲ್ಲ.

ಬುಧವಾರ ಪೆಟ್ಟಿಗೆ ಮಣ್ಣಿಗೆ ಇಳಿಯಿತು.
ಪಟ್ಟಿಯಲ್ಲಿ ನಲವತ್ತೊಂದು,
ಗುಂಡಿಯಲ್ಲಿ ನಲವತ್ತು.
ರಬ್ಬಿ ಎರಡು ಸಲ ಎಣಿಸಿ ನನ್ನ ಮುಖ ನೋಡಿದರು.
ನೆಲ ಕಲ್ಲಾಗಿತ್ತು, ಗುದ್ದಲಿಗೆ ಹಿಮ ಅಂಟಿತ್ತು.

ಬಹಳ ಚಳಿ, ಅಂದೆ.